ಮಳೆ ಅಳೆದಾಯಿತು, ಮನೆ ಎಣಿಸುವುದು ಯಾವಾಗ?

ಬಂಗಾಳ ಕೊಲ್ಲಿಯ ಚಂಡಮಾರುತಕ್ಕೆ ಒಂದು ಹೆಸರು ಬಿತ್ತು ಅಂದರೆ ಸಾಕು, ಊರಿನಿಂದ ಫೋನ್ ಶುರು. 'ಸುಮ್ನೆ ಇಲ್ಲಿಗೆ ಬಂದುಬಿಡು' ಅನ್ನುತ್ತಾರೆ. ನಾನಿರುವುದು ಒಡಿಶಾದ ಭುವನೇಶ್ವರದಲ್ಲಿ. ಅವರ ಕಾಳಜಿ ದೊಡ್ಡದು, ಇಲ್ಲ ಅನ್ನುವುದಿಲ್ಲ. ಆದರೆ ಮಳೆಗಾಲದಲ್ಲಿ ನನಗೆ ಜಾಸ್ತಿ ಭಯವಾಗುವುದು ಕೊಡಗು, ಉತ್ತರ ಕನ್ನಡ, ಬೆಳಗಾವಿ ಕಡೆಯ ಸುದ್ದಿ ನೋಡಿದಾಗ.

ಕಾರಣ ಇದೆ. 1999ರ ಅಕ್ಟೋಬರ್ 29ರಂದು ಪಾರಾದೀಪ್ ಹತ್ತಿರ ಅಪ್ಪಳಿಸಿದ ಮಹಾ ಚಂಡಮಾರುತ ಸುಮಾರು 10,000 ಜನರನ್ನು ಕೊಂದಿತು. ಎರ್ಸಮಾ ಕಡೆ ಸಮುದ್ರವೇ ಊರೊಳಗೆ ನುಗ್ಗಿತ್ತು. 2013ರಲ್ಲಿ ಫೈಲಿನ್ ಬಂತು. ಸುಮಾರು 10 ಲಕ್ಷ ಜನರನ್ನು ಮೊದಲೇ ಸ್ಥಳಾಂತರ ಮಾಡಿದ್ದರು, ಸತ್ತವರ ಸಂಖ್ಯೆ ನೂರನ್ನೂ ಮುಟ್ಟಲಿಲ್ಲ. 2019ರ ಮೇ 3ಕ್ಕೆ ಪುರಿಯಲ್ಲಿ ಫಾನಿ. ಈ ಸಲ 12 ಲಕ್ಷ ಜನರನ್ನು ಸಾಗಿಸಿದರು, 64 ಸಾವು. ಆ 64 ಕೂಡ ಆಗಬಾರದಿತ್ತು. ಆದರೂ 10,000 ಎಲ್ಲಿ, 64 ಎಲ್ಲಿ?

ಒಡಿಶಾ ಶ್ರೀಮಂತ ರಾಜ್ಯವಲ್ಲ. ತಲಾ ಆದಾಯದಲ್ಲಿ ಕರ್ನಾಟಕಕ್ಕಿಂತ ಎಷ್ಟೋ ಹಿಂದಿದೆ. ಹಾಗಾಗಿ 'ಅವರ ಹತ್ತಿರ ದುಡ್ಡಿದೆ, ಮಾಡ್ತಾರೆ' ಅಂತ ಜಪಾನಿನ ಬಗ್ಗೆ ಹೇಳುವ ಮಾತು ಇಲ್ಲಿ ನಡೆಯುವುದಿಲ್ಲ.

ಇಲ್ಲಿನ ಕರಾವಳಿಯಲ್ಲಿ 800ಕ್ಕೂ ಹೆಚ್ಚು ಚಂಡಮಾರುತ ಆಶ್ರಯ ಕಟ್ಟಡಗಳಿವೆ. ಎತ್ತರದ ಕಂಬಗಳ ಮೇಲೆ ನಿಂತ ಗಟ್ಟಿ ಕಟ್ಟಡಗಳು. ನೀರು ನುಗ್ಗಿದರೆ ಕೆಳಗಿನಿಂದ ಹರಿದು ಹೋಗುತ್ತದೆ. ಬೇರೆ ದಿನಗಳಲ್ಲಿ ಎಷ್ಟೋ ಕಡೆ ಅಲ್ಲೇ ಶಾಲೆ ನಡೆಯುತ್ತದೆ. ಇದು ಜಾಣತನದ ಕೆಲಸ. ದಿನಾ ಬಳಸುವ ಕಟ್ಟಡದ ಬಾಗಿಲಿಗೆ ತುಕ್ಕು ಹಿಡಿಯುವುದಿಲ್ಲ, ಬೀಗದ ಕೈ ಯಾರ ಹತ್ತಿರ ಇದೆ ಅಂತ ರಾತ್ರಿ ಹನ್ನೆರಡಕ್ಕೆ ಹುಡುಕಬೇಕಾಗಿಲ್ಲ. ಕಟ್ಟಡವನ್ನು ನೋಡಿಕೊಳ್ಳಲು ಊರಿನವರದೇ ಸಮಿತಿ ಇರುತ್ತದೆ. ಅದರ ಕೆಳಗೆ ತಂಡಗಳು. ಒಂದು ತಂಡ ಮನೆಮನೆಗೆ ಹೋಗಿ ಎಚ್ಚರಿಕೆ ಹೇಳಬೇಕು, ಒಂದು ಹುಡುಕಾಟ ಮತ್ತು ರಕ್ಷಣೆಗೆ, ಇನ್ನೊಂದು ಪ್ರಥಮ ಚಿಕಿತ್ಸೆಗೆ. ಬಿದ್ದ ಮರ ಕತ್ತರಿಸುವ ಯಂತ್ರ, ಜನರೇಟರ್, ಲೈಫ್ ಜಾಕೆಟ್ ಊರಲ್ಲೇ ಇರುತ್ತವೆ. ಜಿಲ್ಲಾ ಕೇಂದ್ರದಿಂದ ಬರಲಿ ಅಂತ ಕಾಯುವುದಿಲ್ಲ. ನಡೆಯಲಾಗದ ಅಜ್ಜಿ ಯಾವ ಮನೆಯಲ್ಲಿದ್ದಾಳೆ, ಅವಳನ್ನು ಯಾರು ಎತ್ತಿಕೊಂಡು ಬರಬೇಕು ಅನ್ನುವುದನ್ನು ಗಾಳಿ ಏಳುವ ಮೊದಲೇ ಮಾತಾಡಿಕೊಳ್ಳುತ್ತಾರೆ. ಹೆರಿಗೆ ಹತ್ತಿರವಿರುವ ಗರ್ಭಿಣಿಯರನ್ನು ಮುಂಚೆಯೇ ಆಸ್ಪತ್ರೆಗೆ ಸೇರಿಸುತ್ತಾರೆ. ಕರಾವಳಿ ಉದ್ದಕ್ಕೂ 122 ಕಡೆ ಸೈರನ್ ಗೋಪುರಗಳಿವೆ. ಆದರೆ ಸೈರನ್ ಕೂಗಿದಾಗ ಎದ್ದು ಎಲ್ಲಿಗೆ ಹೋಗಬೇಕು ಅಂತ ಜನರಿಗೆ ಗೊತ್ತಿರುವುದು ಅಣಕು ಕಾರ್ಯಾಚರಣೆಗಳಿಂದ. ನಾನು ನೋಡಿದ ಒಂದರಲ್ಲಂತೂ ಹೆಂಗಸರೇ ಮುಂದೆ ನಿಂತು ಗಂಡಸರನ್ನು ಗದರುತ್ತಿದ್ದರು.

ಈಗ ನಮ್ಮ ಕಡೆ ನೋಡೋಣ. ನಮ್ಮಲ್ಲಿ ಏನೂ ಇಲ್ಲ ಅಂದರೆ ಅದು ಸುಳ್ಳು. ಮಳೆ ಅಳೆಯುವುದರಲ್ಲಿ ಕರ್ನಾಟಕ ದೇಶಕ್ಕೇ ಮಾದರಿ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳು ಗ್ರಾಮ ಪಂಚಾಯಿತಿ ಮಟ್ಟಕ್ಕೇ ಹೋಗಿವೆ, 6,000ಕ್ಕೂ ಹೆಚ್ಚು. ಅದರ ವರುಣಮಿತ್ರ ಸಹಾಯವಾಣಿಗೆ ಫೋನ್ ಮಾಡಿದರೆ ಹವಾಮಾನ ಹೇಳುತ್ತಾರೆ. ಇಷ್ಟೆಲ್ಲ ಮಾಡಿದ ರಾಜ್ಯ ಕೊನೆಯ ಒಂದು ಹೆಜ್ಜೆಗೆ ಬಂದು ನಿಂತುಬಿಟ್ಟಿದೆ. ಪಂಚಾಯಿತಿಯ ಮಳೆಮಾಪಕದಲ್ಲಿ ಒಂದೇ ರಾತ್ರಿ 200 ಮಿಲಿಮೀಟರ್ ಬಿದ್ದರೆ ಆ ಪಂಚಾಯಿತಿಯಲ್ಲಿ ಯಾರು ಏಳಬೇಕು? ಯಾರ ಬಾಗಿಲು ತಟ್ಟಬೇಕು? ಇದಕ್ಕೆ ಉತ್ತರ ಇರುವ ಊರುಗಳು ನಮ್ಮಲ್ಲಿ ಕಡಿಮೆ.

2018ರ ಆಗಸ್ಟ್‌ನಲ್ಲಿ ಗುಡ್ಡಗಳು ಕುಸಿದ ಮೇಲೆ ಕೊಡಗಿನಲ್ಲಿ ಮಳೆಗಾಲಕ್ಕೆ ಮುಂಚೆ ಅಪಾಯದ ಮನೆಗಳಿಗೆ ನೋಟಿಸ್ ಕೊಡುತ್ತಾರೆ. ನೋಟಿಸ್ ಹಿಡಿದುಕೊಂಡು ಜನ ಎಲ್ಲಿಗೆ ಹೋಗಬೇಕು? ದನ ಯಾರು ನೋಡಿಕೊಳ್ಳುತ್ತಾರೆ? ಹೀಗೆ ಕೇಳುವವರನ್ನು ಹಟಮಾರಿಗಳು ಅನ್ನುವುದು ಸುಲಭ. ನನಗೆ ಅವರ ಪ್ರಶ್ನೆ ಸರಿಯಾಗಿಯೇ ಕಾಣುತ್ತದೆ. ಇನ್ನು ಕಾಳಜಿ ಕೇಂದ್ರ. ಹಿಂದೆ ಗಂಜಿ ಕೇಂದ್ರ ಅನ್ನುತ್ತಿದ್ದೆವು. ಅದು ನೀರು ಬಂದ ಮೇಲೆ ತೆರೆಯುವ ಜಾಗ, ಬರುವ ಮೊದಲು ಹೋಗಿ ಸೇರುವ ಜಾಗವಲ್ಲ.

'ಚಂಡಮಾರುತ ನಾಲ್ಕು ದಿನ ಮೊದಲೇ ಹೇಳಿ ಬರುತ್ತದೆ, ಗುಡ್ಡ ಹೇಳಿ ಬೀಳುತ್ತದಾ?' ಅಂತ ಊರಿನ ಗೆಳೆಯರು ಕೇಳುತ್ತಾರೆ. ಅರ್ಧ ಒಪ್ಪುತ್ತೇನೆ. ಆದರೆ ಕೃಷ್ಣೆ, ಭೀಮೆಯ ನೆರೆ ಹೇಳಿಯೇ ಬರುತ್ತದೆ. ಮಹಾರಾಷ್ಟ್ರದ ಅಣೆಕಟ್ಟುಗಳಿಂದ ಎಷ್ಟು ಕ್ಯೂಸೆಕ್ ಬಿಟ್ಟರು ಅನ್ನುವುದು ಟಿವಿಯಲ್ಲೇ ಬರುತ್ತದೆ. ಗುಡ್ಡವೂ ಎಷ್ಟೋ ಸಲ ಸುಳಿವು ಕೊಡುತ್ತದೆ. ನೆಲದಲ್ಲಿ ಬಿರುಕು, ವಾಲಿದ ಮರ, ತಿಳಿಯಾಗಿದ್ದ ಒರತೆಯಲ್ಲಿ ಕೆಸರು ನೀರು. ಇದನ್ನು ಮೊದಲು ನೋಡುವುದು ಅಲ್ಲೇ ಬದುಕುವವರು. ನೋಡಿದವರು ಯಾರಿಗೆ ಹೇಳಬೇಕು, ಹೇಳಿದರೆ ಯಾರು ಬರುತ್ತಾರೆ ಅನ್ನುವುದು ಮಾತ್ರ ಗೊತ್ತಿರುವುದಿಲ್ಲ. 2024ರ ಜುಲೈ 16ರಂದು ಉತ್ತರ ಕನ್ನಡದ ಶಿರೂರಿನಲ್ಲಿ ಗುಡ್ಡ ಹೆದ್ದಾರಿ ಮೇಲೆ ಬಿದ್ದದ್ದು ಬೇರೆ ಕಥೆ. ರಸ್ತೆಗಾಗಿ ಬುಡ ಕಡಿದ ಗುಡ್ಡವನ್ನು ಊರಿನವರ ತಂಡ ನಿಲ್ಲಿಸಲಾರದು, ಅದು ರಸ್ತೆ ಮಾಡುವವರು ಹೊರಬೇಕಾದ ಹೊಣೆ.

ಒಡಿಶಾವನ್ನು ತಲೆ ಮೇಲೆ ಹೊತ್ತು ಕುಣಿಯುತ್ತಿಲ್ಲ ನಾನು. ಇಲ್ಲಿ ಜೀವ ಉಳಿಯುತ್ತದೆ, ಬದುಕು ಉಳಿಯುವುದಿಲ್ಲ. ಫಾನಿ ಆದ ಮೇಲೆ ಪುರಿಯ ಕೆಲವು ಕಡೆ ವಾರಗಟ್ಟಲೆ ಕರೆಂಟ್ ಇರಲಿಲ್ಲ. ಮಣ್ಣಿನ ಮನೆಯವರು ಆಶ್ರಯದಿಂದ ವಾಪಸ್ ಹೋದರೆ ಮನೆಯೇ ಇರಲಿಲ್ಲ. ಸಿಡಿಲಿಗೆ ಈಗಲೂ ಪ್ರತಿ ವರ್ಷ ತುಂಬಾ ಜನ ಸಾಯುತ್ತಾರೆ. ಗದ್ದೆಯಲ್ಲಿ ಒಬ್ಬನೇ ಇರುವವನಿಗೆ ಯಾವ ಆಶ್ರಯ ಕಟ್ಟಡವೂ ಹತ್ತಿರವಿರುವುದಿಲ್ಲ.

ನಮ್ಮ ಚರ್ಚೆ ಯಾವಾಗಲೂ ಪರಿಹಾರದಿಂದ ಶುರುವಾಗುತ್ತದೆ. ಎಷ್ಟು ಲಕ್ಷ ಕೊಟ್ಟರು, ಕೇಂದ್ರ ಎಷ್ಟು ಕೊಡಲಿಲ್ಲ. ಅದೂ ಬೇಕು. ಆದರೆ ಏಪ್ರಿಲ್-ಮೇನಲ್ಲಿ ಒಂದು ಗ್ರಾಮ ಸಭೆಯನ್ನು ಇದಕ್ಕೇ ಇಟ್ಟರೆ ಎಷ್ಟು ಖರ್ಚಾದೀತು? ಆಶಾ ಕಾರ್ಯಕರ್ತೆಯರಿಗೆ ಯಾವ ಮನೆಯಲ್ಲಿ ಯಾರಿದ್ದಾರೆ ಅಂತ ಗೊತ್ತು. ವಿಕೋಪದ ಹೊತ್ತಲ್ಲಿ ನೆರವಾಗಲು ಸ್ವಯಂಸೇವಕರನ್ನು ತಯಾರು ಮಾಡುವ ಕೇಂದ್ರದ ಆಪದ ಮಿತ್ರ ಯೋಜನೆಯಲ್ಲಿ ತರಬೇತಿ ಪಡೆದವರೂ ನಮ್ಮಲ್ಲಿದ್ದಾರೆ. ಅವರ ಹೆಸರು, ಫೋನ್ ನಂಬರು, ಶಾಲೆಯ ಬೀಗದ ಕೈ ಇರುವ ಮನೆ, ದನ ಕಟ್ಟಲು ಗುರುತು ಮಾಡಿದ ಎತ್ತರದ ಜಾಗ, ಇಷ್ಟನ್ನು ಪಂಚಾಯಿತಿ ಗೋಡೆಯ ಮೇಲೆ ಬರೆಸಲಿ. ಆಮೇಲೆ ಮೊದಲ ಮಳೆಗೆ ಮುಂಚೆ, ರಾತ್ರಿ ಹೊತ್ತು, ಊರೆಲ್ಲ ಒಂದು ಸಲ ಆ ಶಾಲೆಯವರೆಗೆ ನಡೆದು ನೋಡಲಿ.