ಪದ ಬದಲಿಸಿದರೆ ಹೊಸ ಭಾಷೆ ಆಗುವುದಿಲ್ಲ: ಒಂದು ಸ್ಪಷ್ಟನೆ

‘ಹೊಸ ಲಿಪಿ ಬರೆಯಿರಿ, ನಿಘಂಟಿನ ಒಂದೊಂದು ಪದಕ್ಕೂ ಒಂದೊಂದು ಹೊಸ ಪದ ಇಡಿ, ನಿಮ್ಮದೇ ಭಾಷೆ ತಯಾರು’ ಎಂಬ ಸಲಹೆ ಹರಿದಾಡುತ್ತಿದೆ. ಇದು ತಪ್ಪು. ಹೀಗೆ ಮಾಡಿದರೆ ಸಿಗುವುದು ಗುಪ್ತಲಿಪಿ ಅಷ್ಟೇ.

ಕನ್ನಡದ ‘ಹೊಡೆ’ಯನ್ನೇ ನೋಡಿ. ಬಣ್ಣ ಹೊಡೆಯುತ್ತೇವೆ, ನಿದ್ದೆ ಹೊಡೆಯುತ್ತೇವೆ, ಹರಟೆಯನ್ನೂ ಹೊಡೆಯುತ್ತೇವೆ. ಇದಕ್ಕೆ ‘ಮುಲಾ’ ಎಂದು ಇಟ್ಟುಬಿಟ್ಟರೆ ಅಷ್ಟೂ ಅರ್ಥಗಳು, ಪದಗಳ ಕ್ರಮ, ವಿಭಕ್ತಿ ಎಲ್ಲವೂ ಕನ್ನಡದವೇ ಆಗಿ ಉಳಿಯುತ್ತವೆ.

ಶುರು ಮಾಡಬೇಕಾದ್ದು ಧ್ವನಿಗಳಿಂದ. 14 ವ್ಯಂಜನ, 5 ಸ್ವರ ಆರಿಸಿಕೊಳ್ಳಿ. ಉಚ್ಚಾರಾಂಶದಲ್ಲಿ (ಪದದಲ್ಲಿ ಒಮ್ಮೆಗೆ ಉಚ್ಚರಿಸುವ ತುಣುಕು) ಸ್ವರ ಕಡ್ಡಾಯ; ಅದಕ್ಕೆ ಮೊದಲು ಒಂದು ವ್ಯಂಜನ, ಕೊನೆಗೆ ‘ನ್’ ಇದ್ದರೂ ಸರಿ, ಇಲ್ಲದಿದ್ದರೂ ಸರಿ ಎಂದಿರಲಿ. ಆಗ 150 ಉಚ್ಚಾರಾಂಶ ಸಿಗುತ್ತವೆ. ಎಡವುವುದು ಇಲ್ಲೇ: ‘ತನ್+ಅ’, ‘ತ+ನ’ ಎರಡೂ ‘ತನ’ ಎಂದೇ ಕೇಳಿಸುತ್ತವೆ. ಪದದ ಮೊದಲನೆಯದು ಬಿಟ್ಟು ಉಳಿದ ಉಚ್ಚಾರಾಂಶಗಳು ವ್ಯಂಜನದಿಂದಲೇ ಶುರುವಾಗಬೇಕು ಎಂದು ಕಟ್ಟು ಹಾಕಿದರೆ ಗೊಂದಲ ತಪ್ಪುತ್ತದೆ. ಹಾಗಿದ್ದೂ ಎರಡು ಉಚ್ಚಾರಾಂಶದ ಪದಗಳೇ 21,000 (150×140; ಸ್ವರದಿಂದ ಶುರುವಾಗುವ 10 ಎರಡನೆಯ ಸ್ಥಾನಕ್ಕೆ ಬರುವುದಿಲ್ಲ) ಸಾಧ್ಯ, ಬೇಕಾದಷ್ಟಾಯಿತು.

ಆಮೇಲೆ ವ್ಯಾಕರಣ: ಕ್ರಿಯಾಪದ ಎಲ್ಲಿ, ಕರ್ತೃ–ಕರ್ಮ ಗುರುತಿಸುವುದು ಹೇಗೆ, ನಿಷೇಧ, ಪ್ರಶ್ನೆ. ಇಷ್ಟಾದ ಮೇಲೆ 20 ವಾಕ್ಯ ಅನುವಾದಿಸಿ, ಬೇಕಾದ ಪದವನ್ನಷ್ಟೇ ಹುಟ್ಟಿಸಿ; ಪ್ರತಿ ಪದದ ಎದುರು ಅರ್ಥದ ಜೊತೆ ಒಂದು ಬಳಕೆಯ ವಾಕ್ಯವನ್ನೂ ಬರೆದಿಡಿ.

ಲಿಪಿ ಕಡ್ಡಾಯವೇನಲ್ಲ. 1887ರಲ್ಲಿ ಪ್ರಕಟವಾದ ಎಸ್ಪೆರಾಂಟೊ ಎಂಬ ಕೃತಕ ಭಾಷೆ ಲ್ಯಾಟಿನ್ ಅಕ್ಷರಗಳಲ್ಲೇ ಇದೆ. ಸಾವಿರಾರು ಪದಗಳೂ ಬೇಕಿಲ್ಲ: ಟೋಕಿ ಪೋನಾ ಎಂಬ ಇನ್ನೊಂದು ಕೃತಕ ಭಾಷೆ ಸುಮಾರು 120 ಪದಗಳಿಂದ ಶುರುವಾಯಿತು.