ಮೂರು ಎಕರೆ ತೊಂಬತ್ತಮೂರು ಗುಂಟೆ

ಜಮೀನಿನ ಜಗಳ ಅಂದರೆ ಬದು, ಬೇಲಿ, ಬಂಡಿದಾರಿ, ಬಾವಿ. ಇಷ್ಟು ಎಲ್ಲರಿಗೂ ಗೊತ್ತು. ಒಂದು ಚುಕ್ಕಿಗಾಗಿಯೂ ಮನೆಮಂದಿ ಮುಖ ಊದಿಸಿಕೊಂಡು ಕೂರಬಹುದು ಅನ್ನುವುದು ನಮ್ಮ ಅಮ್ಮನ ತವರಿನಲ್ಲಿ ಪಾಲಾಗುವಾಗ ತಿಳಿಯಿತು.

ತುರುವೇಕೆರೆ ಕಡೆಯ ಹಳ್ಳಿ. ತಾತ ಬಿಟ್ಟು ಹೋದದ್ದು ಮೂರು ತುಂಡು ಜಮೀನು. ತೆಂಗಿನ ತೋಟ ಒಂದು ಎಕರೆ ಇಪ್ಪತ್ತೆಂಟು ಗುಂಟೆ. ರಾಗಿ ಹೊಲ ಎರಡು ಎಕರೆ ಮೂವತ್ತೈದು ಗುಂಟೆ. ಕೆರೆ ಹಿಂದಿನ ಗದ್ದೆ ಮೂವತ್ತು ಗುಂಟೆ. ಪಾಲುದಾರರು ನಾಲ್ಕು ಜನ: ಇಬ್ಬರು ಮಾವಂದಿರು, ನಮ್ಮಮ್ಮ, ಚಿಕ್ಕಮ್ಮ. ದೊಡ್ಡ ಮಾವನ ಮಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾನೆ. "ಐದು ನಿಮಿಷದ ಕೆಲಸ ಅಪ್ಪ" ಅಂತ ಜಗಲಿ ಮೇಲೆ ಲ್ಯಾಪ್‌ಟಾಪ್ ಬಿಚ್ಚಿದ. ಪಹಣಿಯಲ್ಲಿ ಎಕರೆಗೂ ಗುಂಟೆಗೂ ನಡುವೆ ಒಂದು ಚುಕ್ಕಿ ಇರುತ್ತದಲ್ಲ, ಅದನ್ನು ಇದ್ದ ಹಾಗೇ ಎಕ್ಸೆಲ್‌ಗೆ ಹಾಕಿದ. 1.28. 2.35. 0.30.

ಎಕ್ಸೆಲ್‌ಗೆ ಕೊನೆಯ ಸೊನ್ನೆ ಕಂಡರೆ ಆಗುವುದಿಲ್ಲ. ಎಂಟರ್ ಒತ್ತಿದ್ದೇ ತಡ, 0.30 ಹೋಗಿ 0.3 ಆಯಿತು. ಬೆನ್ನ ಹಿಂದೆ ನಿಂತು ಕನ್ನಡಕ ಏರಿಸಿ ನೋಡುತ್ತಿದ್ದ ಚಿಕ್ಕಮ್ಮ ಬಾಯಿ ಮೇಲೆ ಕೈ ಇಟ್ಟುಕೊಂಡರು.

"ಅಯ್ಯೋ, ಗದ್ದೇನ ಮೂರೇ ಗುಂಟೆ ಮಾಡಿಬಿಟ್ಟನಲ್ಲಪ್ಪಾ! ಇನ್ನಿಪ್ಪತ್ತೇಳು ಗುಂಟೆ ಎಲ್ಲೋಯ್ತು?"

"ಎರಡೂ ಒಂದೇ ಅತ್ತೆ. ಮೂರು ಅಂದ್ರೂ ಅಷ್ಟೇ, ಮೂವತ್ತು ಅಂದ್ರೂ ಅಷ್ಟೇ."

"ಹಂಗಾದ್ರೆ ನಿನ್ನ ಸಂಬಳಾನೂ ಹಂಗೇ ತಗೋ ನೋಡಾನ."

ಅವನು ಕಿವಿಗೆ ಹಾಕಿಕೊಳ್ಳಲಿಲ್ಲ. ಮೂರನ್ನೂ ಕೂಡಿಸಿದ. ಒಟ್ಟು 3.93. "ಮೂರು ಎಕರೆ ತೊಂಬತ್ತಮೂರು ಗುಂಟೆ" ಅಂತ ಓದಿ ಹೇಳಿದ. ಜಗಲಿ ಮೇಲೆ ಯಾರೂ ಉಸಿರೆತ್ತಲಿಲ್ಲ. ಆಮೇಲೆ ದೊಡ್ಡ ಮಾವ ಎಲೆಅಡಿಕೆ ಒಂದು ಕೆನ್ನೆಗೆ ಸರಿಸಿ ಕೇಳಿದರು, "ಲೋ, ಯಾವ ಗಡಿಯಾರದಲ್ಲೋ ನೀನು ಮೂರು ಗಂಟೆ ತೊಂಬತ್ತಮೂರು ನಿಮಿಷ ನೋಡಿದ್ದು?"

ಮಾವ ಬೆರಳ ಗೆಣ್ಣಿನಲ್ಲೇ ಲೆಕ್ಕ ಹಾಕಿದರು. ಇಪ್ಪತ್ತೆಂಟಕ್ಕೆ ಮೂವತ್ತೈದು ಸೇರಿಸಿದರೆ ಅರವತ್ತಮೂರು. ಅದಕ್ಕೆ ಮೂವತ್ತು, ತೊಂಬತ್ತಮೂರು. ಅದರಲ್ಲಿ ಎರಡು ನಲವತ್ತು ತೆಗೆದರೆ ಎರಡು ಎಕರೆ, ಉಳಿದದ್ದು ಹದಿಮೂರು. ಒಟ್ಟು ಐದು ಎಕರೆ ಹದಿಮೂರು ಗುಂಟೆ. ಎಕ್ಸೆಲ್‌ಗೆ ಗುಂಟೆ ಗೊತ್ತಿಲ್ಲ, ಅದರ 3.93 ಅಂದರೆ ನಾಲ್ಕು ಎಕರೆಗೂ ಕಡಿಮೆ. ಆ ಲೆಕ್ಕಕ್ಕೂ ಮಾವನ ಲೆಕ್ಕಕ್ಕೂ ಹತ್ತಿರ ಹತ್ತಿರ ಒಂದು ಎಕರೆ ಹದಿನಾರು ಗುಂಟೆ ವ್ಯತ್ಯಾಸ. ಸುಮ್ನೆ ಬಿಟ್ಟಿದ್ದರೆ ತಾತನ ತೆಂಗಿನ ತೋಟದ ಮುಕ್ಕಾಲು ಭಾಗ ಲ್ಯಾಪ್‌ಟಾಪಿನೊಳಗೇ ಕರಗಿ ಹೋಗುತ್ತಿತ್ತು.

ನಾನು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವವನು. ಆ ತಪ್ಪಿಗೆ ನೆಂಟರು, ನೆರೆಯವರು, ಸಹೋದ್ಯೋಗಿಗಳು ಎಲ್ಲರ ಜಮೀನಿನ ಲೆಕ್ಕವೂ ನನ್ನ ತಲೆಗೇ ಬರುತ್ತದೆ. ಲೆಕ್ಕವೇನೋ ಸುಲಭ. ಗುಂಟೆ ಅಂದರೆ 33 ಅಡಿ ಉದ್ದ, 33 ಅಡಿ ಅಗಲ, ಅಂದರೆ 1,089 ಚದರಡಿ. ಅಂಥವು 40 ಸೇರಿದರೆ 43,560 ಚದರಡಿ, ಒಂದು ಎಕರೆ. ಗುಂಟೆಯ ಒಳಗೆ ಮತ್ತೆ 16 ಆಣೆ. ರೂಪಾಯಿಯಲ್ಲಿದ್ದ ಆಣೆಯನ್ನು 1957ರಲ್ಲಿ ನಯಾಪೈಸೆ ಬಂದು ಮನೆಗೆ ಕಳಿಸಿತು. ನೆಲದಲ್ಲಿರುವ ಆಣೆಯನ್ನು ಮಾತ್ರ ಇವತ್ತಿಗೂ ಯಾರೂ ಅಲ್ಲಾಡಿಸಿಲ್ಲ. ಅಜ್ಜಿ ಬದುಕಿದ್ದಾಗ ಇದನ್ನೂ ಒಪ್ಪುತ್ತಿರಲಿಲ್ಲ. ಆಕೆಗೆ ಕೆರೆ ಹಿಂದಿನ ಗದ್ದೆ ಅಂದರೆ ಇಷ್ಟು ಕೊಳಗದ ಗದ್ದೆ. ಎಷ್ಟು ಬೀಜ ಹಿಡಿಯುತ್ತದೋ ಅಷ್ಟು ನೆಲ. ಇಪ್ಪತ್ತು ಕೊಳಗಕ್ಕೆ ಒಂದು ಖಂಡುಗ. ಅಡಿ, ಗಜ ಎಲ್ಲ ಆಕೆಯ ಪ್ರಕಾರ ಸೀರೆ ಅಂಗಡಿಯವರ ವ್ಯವಹಾರ.

ಲೆಕ್ಕ ಸುಲಭ, ಜನ ಕಷ್ಟ. ನನ್ನ ಸಹೋದ್ಯೋಗಿಯೊಬ್ಬರು ಪುತ್ತೂರಿನವರು. ಅವರಿಗೆ ಊರಲ್ಲಿ 1.20 ಎಕರೆ ಅಡಿಕೆ ತೋಟ ಮಾರುವುದಿತ್ತು. ಮದ್ದೂರಿನ ಕಡೆಯ ಇನ್ನೊಬ್ಬ ಸಹೋದ್ಯೋಗಿಯ ಮಾವನವರು ಕೊಳ್ಳುವ ಮನಸ್ಸು ಮಾಡಿದರು. ಫೋನಿನಲ್ಲೇ ಮಾತುಕತೆ. "ಒಂದು ಪಾಯಿಂಟ್ ಇಪ್ಪತ್ತು" ಅಂತ ಇವರು ಹೇಳಿದರು, "ಒಂದು ಪಾಯಿಂಟ್ ಇಪ್ಪತ್ತು, ಸರಿ" ಅಂತ ಅವರು ಒಪ್ಪಿದರು. ಇಬ್ಬರೂ ಖುಷಿಯಾಗಿದ್ದರು. ವಾರಗಟ್ಟಲೆ ಖುಷಿಯಾಗಿದ್ದರು.

ಪುತ್ತೂರಿನಲ್ಲಿ ಎಕರೆಗೆ ನೂರು ಸೆಂಟ್ಸ್. ಅಲ್ಲಿ 1.20 ಅಂದರೆ ಒಂದು ಎಕರೆ ಇಪ್ಪತ್ತು ಸೆಂಟ್ಸ್. ಗುಂಟೆ ಲೆಕ್ಕದಲ್ಲಿ ಒಂದು ಎಕರೆ ಎಂಟು ಗುಂಟೆ. ಮದ್ದೂರಿನಲ್ಲಿ 1.20 ಅಂದರೆ ಒಂದು ಎಕರೆ ಇಪ್ಪತ್ತು ಗುಂಟೆ, ಅಂದರೆ ಒಂದೂವರೆ ಎಕರೆ. ನಡುವೆ ಹನ್ನೆರಡು ಗುಂಟೆ ಅಂತರ. ಬೆಂಗಳೂರಿನವರಿಗೆ ತಿಳಿಯುವ ಹಾಗೆ ಹೇಳಬೇಕೆಂದರೆ ಹೆಚ್ಚೂಕಡಿಮೆ ಹನ್ನೊಂದು 30-40 ಸೈಟು. ಮದ್ದೂರಿನ ಹಿರಿಯರು ತೋಟ ನೋಡಲು ಹೋದವರು ಬೇಲಿಯ ಸುತ್ತ ಒಂದು ಸುತ್ತು ಬಂದು, "ಎಲ್ಲಾ ಸರಿ, ಉಳಿದಿದ್ದು ಎಲ್ಲಿ ಸ್ವಾಮಿ?" ಅಂತ ಕೇಳಿದರಂತೆ. ಪುತ್ತೂರಿನವರು "ಎಂಥ ಉಳಿದದ್ದು ಮಾರಾಯ್ರೆ?" ಅಂದರಂತೆ. ಅಲ್ಲಿಂದ ಇಬ್ಬರೂ ಒಟ್ಟಿಗೇ ನನಗೆ ಫೋನ್ ಮಾಡಿದರು. ಸ್ಪೀಕರ್ ಹಾಕಿ.

ತಪ್ಪು ಇಬ್ಬರದ್ದೂ ಅಲ್ಲ, ಹಳೆಯ ಮದ್ರಾಸಿನದ್ದು. ದಕ್ಷಿಣ ಕನ್ನಡ 1956ರವರೆಗೆ ಮದ್ರಾಸಿನ ಜೊತೆಗಿತ್ತು, ಸೆಂಟ್ಸ್ ಉಳಿಯಿತು. ಬಳ್ಳಾರಿ 1953ರಲ್ಲಿ ಮೈಸೂರಿಗೆ ಬಂತು, ಬರುವಾಗ ಸೆಂಟ್ಸ್ ಕಟ್ಟಿಕೊಂಡೇ ಬಂತು. ಉತ್ತರ ಕನ್ನಡವನ್ನು ಮಾತ್ರ ಬ್ರಿಟಿಷರು 1862ರಲ್ಲೇ ಮದ್ರಾಸಿನಿಂದ ಬಿಡಿಸಿ ಮುಂಬೈಗೆ ಸೇರಿಸಿದ್ದರು. ಹಾಗಾಗಿ ಇವತ್ತಿಗೂ ಬೈಂದೂರಿನಲ್ಲಿ ಸೆಂಟ್ಸ್, ಹೆದ್ದಾರಿ ಹಿಡಿದು ಪಕ್ಕದ ಭಟ್ಕಳಕ್ಕೆ ಹೋದರೆ ಗುಂಟೆ. ಅದೇ ಕಡಲು, ಅದೇ ಮೀನು. ಎರಡು ಗುಂಟೆಗೆ ಐದು ಸೆಂಟ್ಸ್ ಅನ್ನುವುದೊಂದು ನೆನಪಿಟ್ಟುಕೊಂಡರೆ ಸಾಕು, ಸ್ಪೀಕರ್ ಹಾಕಿ ನನಗೆ ಫೋನ್ ಮಾಡುವುದು ತಪ್ಪುತ್ತದೆ.

ಇಷ್ಟು ವರ್ಷ ಈ ಲೆಕ್ಕ ಮಾಡಿಕೊಟ್ಟು ನನಗೆ ಒಂದು ಅನುಮಾನ ಗಟ್ಟಿಯಾಗಿದೆ. ಯಾರಿಗೂ ಲೆಕ್ಕ ಬರುವುದಿಲ್ಲ ಅಂತಲ್ಲ. ತಮಗೆ ಬೇಕಾದ ಅಳತೆಯಲ್ಲಿ ಮಾತ್ರ ಬರುತ್ತದೆ. ಹೆಣ್ಣು ಕೇಳಲು ಹೋದಾಗ ಹುಡುಗನಿಗೆ "ಮೂರು ಎಕರೆ" ಇರುತ್ತದೆ. ಸಾಲಕ್ಕೆ ಅರ್ಜಿ ಹಾಕುವಾಗಲೂ ಅಷ್ಟೇ ಇರುತ್ತದೆ. ದೇವಸ್ಥಾನದ ಜೀರ್ಣೋದ್ಧಾರಕ್ಕೆ ಚಂದಾ ಕೇಳಲು ಬಂದರೆ "ಏನೋ ಹತ್ತಿಪ್ಪತ್ತು ಗುಂಟೆ ಇದೆ ಸ್ವಾಮಿ, ಮಳೆ ನಂಬಿಕೊಂಡಿದ್ದೀವಿ" ಅಂತ ಆಗುತ್ತದೆ. ಮಾರುವಾಗ ನೋಡಿ ಮಜಾ. ರೈತ ಎಕರೆಗೆ ಒಂದು ಕೋಟಿ ಅಂದರೆ ಊರೆಲ್ಲ ಹೌಹಾರುತ್ತದೆ. ಅದನ್ನೇ ಮಧ್ಯವರ್ತಿ ಗುಂಟೆಗೆ ಎರಡೂವರೆ ಲಕ್ಷ ಅಂತ ಹೇಳಿದರೆ ಪರವಾಗಿಲ್ಲ ಅನ್ನಿಸುತ್ತದೆ. ಚದರಡಿಗೆ ಇನ್ನೂರ ಮೂವತ್ತು ಅಂದರೆ ಅಯ್ಯೋ ಇಷ್ಟೇನಾ ಅಂತ ಅಡ್ವಾನ್ಸ್ ಕೊಡಲು ಜನ ಸಾಲುಗಟ್ಟುತ್ತಾರೆ. ಮೂರೂ ಒಂದೇ ದುಡ್ಡು.

ಮನೆ ಕಟ್ಟುವವರದು ಇನ್ನೊಂದು ಲೋಕ. ಅಲ್ಲಿ ನೂರು ಚದರಡಿಗೆ ಒಂದು ಚದರ. ನಮ್ಮ ಸ್ನೇಹಿತರೊಬ್ಬರು ಉತ್ತರ ಭಾರತದಲ್ಲಿ ನೌಕರಿ ಮುಗಿಸಿ ಬಂದು ಇಲ್ಲಿ ಮನೆ ಕಟ್ಟಿಸಲು ಹೊರಟರು. ಮೇಸ್ತ್ರಿ ತಲೆ ಕೆರೆದುಕೊಂಡು "ಚದರಕ್ಕೆ ಎರಡು ಲಕ್ಷ ಆಗ್ತದೆ ಸಾರ್" ಅಂದ. ಇವರು ಚದರ ಅಂದರೆ ಚದರಡಿ ಅಂದುಕೊಂಡರು. ಕುರ್ಚಿ ಹಿಡಿದುಕೊಂಡು ಮೆಲ್ಲಗೆ ಕೂತರು. ಪಾಪ, ಮೇಸ್ತ್ರಿಗೆ ಗಾಬರಿ. "ಬೇಕಾದ್ರೆ ಐದು ಸಾವಿರ ಬಿಡ್ತೀನಿ ಸಾರ್" ಅಂದ.

ಬೆಂಗಳೂರಿನಲ್ಲಿ ನಮ್ಮ ಎದುರುಮನೆಯವರ ಕಥೆ ಇದಕ್ಕಿಂತ ಜೋರು. ನಿವೃತ್ತರು, ಅಚ್ಚುಕಟ್ಟಿನ ಮನುಷ್ಯ, ಕರೆಂಟು ಬಿಲ್ಲಿಗೂ ಫೈಲು ಇಟ್ಟವರು. ಅವರ 30-40 ಸೈಟಿಗೆ ಹೊಸ ಇ-ಖಾತಾ ಬಂತು. ಅದರಲ್ಲಿ ವಿಸ್ತೀರ್ಣ 111.48 ಅಂತಿತ್ತು. ಬೆಳಗಿನ ಕಾಫಿ ಅರ್ಧಕ್ಕೆ ಬಿಟ್ಟು ನಮ್ಮ ಮನೆಗೆ ಬಂದರು. "ನೋಡಿ ಮೇಷ್ಟ್ರೆ, ಸಾವಿರದ ಇನ್ನೂರು ಇತ್ತು. ನೂರಾ ಹನ್ನೊಂದು ಮಾಡಿದ್ದಾರೆ."

ಅದು ಚದರ ಮೀಟರ್ ಸಾರ್, ಅಂದೆ. ಅವರು ಅಷ್ಟಕ್ಕೆ ಬಿಡುವವರಲ್ಲ. ಜೇಬಿನಿಂದ ಕ್ಯಾಲ್ಕುಲೇಟರ್ ತೆಗೆದರು. "ಮೀಟರಿಗೆ 3.28 ಅಡಿ, ಹೌದಾ? 1,200 ಭಾಗಿಸು 3.28. ಎಷ್ಟು ಬಂತು? 366. ಅವರು ಬರೆದಿದ್ದು 111. ಬಾಕಿ 255 ಎಲ್ಲಿ?" ನನ್ನ ತರಗತಿಯಲ್ಲಿ ವರ್ಷಕ್ಕೆ ಅರ್ಧ ಮಕ್ಕಳು ಮಾಡುವ ಲೆಕ್ಕ ಇದು. ಉದ್ದವನ್ನೂ ಭಾಗಿಸಬೇಕು, ಅಗಲವನ್ನೂ ಭಾಗಿಸಬೇಕು. ಚದರ ಮೀಟರಿಗೆ ಹತ್ತೂಮುಕ್ಕಾಲು ಚದರಡಿ ಅಂತ ಎಷ್ಟು ಹೇಳಿದರೂ ಕೇಳಲಿಲ್ಲ. ಕೊನೆಗೆ ಹಾಲ್‌ನಲ್ಲಿ ಸೀಮೆಸುಣ್ಣದಿಂದ ಒಂದು ಮೀಟರಿನ ಚೌಕ ಬರೆದು, ಅದರೊಳಗೆ ಒಂದೊಂದಡಿಯ ಚೌಕ ಹಾಕಿ ತೋರಿಸಿದೆ. ಒಂಬತ್ತು ಪೂರ್ತಿ ಚೌಕ, ಎರಡು ಅಂಚಿನಲ್ಲಿ ಚೂರುಪಾರು. ಅವರು ಮಂಡಿಯೂರಿ ಕೂತು ಎಲ್ಲವನ್ನೂ ಎಣಿಸಿದರು. ಚೂರುಗಳನ್ನೂ ಎಣಿಸಿದರು. ಎದ್ದು ಪ್ಯಾಂಟ್ ಒದರಿಕೊಂಡು, "ಲೆಕ್ಕ ಸರಿಯಿದೆ. ಆದರೂ ಹೇಳೋಕೆ ಒಂಥರಾ ಆಗುತ್ತೆ ಅಲ್ವಾ, ನೂರಾ ಹನ್ನೊಂದು ಅಂತ?" ಅಂದರು. ಈಗಲೂ ಯಾರಾದರೂ ಕೇಳಿದರೆ ಸಾವಿರದ ಇನ್ನೂರು ಅಂತಲೇ ಹೇಳುತ್ತಾರೆ.

ಹೆಕ್ಟೇರಿನ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಅದು ಕಾಗದದ ಮೇಲೆ ಮಾತ್ರ ಬೆಳೆಯುವ ಬೆಳೆ. ಎರಡು ಎಕರೆ ಹತ್ತೊಂಬತ್ತು ಗುಂಟೆ ಹತ್ತಿರ ಬರುತ್ತದೆ. ಪುಸ್ತಕದಲ್ಲಿ ಗೊಬ್ಬರದ ಪ್ರಮಾಣ ಹೆಕ್ಟೇರಿಗೆ ಇಷ್ಟು ಅಂತ ಇರುತ್ತದೆ, ಹೊಲ ಎಕರೆಯಲ್ಲಿರುತ್ತದೆ. ನಮ್ಮ ಚಿಕ್ಕ ಮಾವ ಒಂದು ವರ್ಷ ಅದನ್ನು ನೋಡಿಕೊಂಡು ಒಂದು ಎಕರೆ ರಾಗಿಗೆ ಒಂದು ಹೆಕ್ಟೇರಿನ ಯೂರಿಯಾ ಹಾಕಿದರು. ಪೈರು ಕಡುಹಸಿರಾಗಿ, ಎತ್ತರವಾಗಿ, ನೋಡಿದವರು ಹೊಟ್ಟೆ ಉರಿದುಕೊಳ್ಳುವ ಹಾಗೆ ಬಂತು. ಒಂದು ಮಳೆಗೆ ಪೂರ್ತಿ ಮಲಗಿತು. ಆಮೇಲೆ ಏಳಲಿಲ್ಲ.

ಪಾಲಿನ ವಿಷಯಕ್ಕೆ ಬರೋಣ. ಐದು ಎಕರೆ ಹದಿಮೂರು ಗುಂಟೆ, ನಾಲ್ಕು ಪಾಲು. 213 ಗುಂಟೆಯನ್ನು ನಾಲ್ಕರಿಂದ ಭಾಗಿಸಿದರೆ ಒಬ್ಬೊಬ್ಬರಿಗೆ ಒಂದು ಎಕರೆ ಹದಿಮೂರು ಗುಂಟೆ ನಾಲ್ಕಾಣೆ. ರಿಜಿಸ್ಟರ್ ಆಗಬೇಕಾದರೆ ಪಾಲಿನ ತುಂಡನ್ನು ಗುರುತಿಸಿ ತೋರಿಸುವ 11ಇ ನಕ್ಷೆ ಬೇಕು, ನಕ್ಷೆ ಬೇಕಾದರೆ ಸರ್ವೆ ಆಗಬೇಕು. ಈಗ ಆಕಾಶ ನೋಡಿ ಅಳೆಯುವ ಯಂತ್ರಗಳೂ ಬಂದಿವೆ ಅನ್ನುತ್ತಾರೆ. ನಮ್ಮಲ್ಲಿಗೆ ಬಂದವರು ಗೋಣಿಚೀಲದಿಂದ ತೆಗೆದದ್ದು ಕಬ್ಬಿಣದ ಸರಪಳಿ. ಉದ್ದ 33 ಅಡಿ, ಹದಿನಾರು ಭಾಗ, ಒಂದೊಂದು ಭಾಗಕ್ಕೂ ಒಂದಾಣೆ. ಕೊಂಡಿಗಳು ಉಜ್ಜಿ ಉಜ್ಜಿ ನುಣುಪಾಗಿದ್ದವು. ತುದಿಯ ಹಿಡಿಯಲ್ಲಿ ಎಷ್ಟು ಜನರ ಬೆವರಿತ್ತೋ.

ಪೂರ್ವದ ಕಲ್ಲಿನಿಂದ ಶುರು. ಒಂದು ತುದಿ ದೊಡ್ಡ ಮಾವನ ಕೈಯಲ್ಲಿ. ಇನ್ನೊಂದು ತುದಿಯಲ್ಲಿ ಸಹಾಯಕ, ಅವನ ಹಿಂದೆಯೇ ಪಕ್ಕದ ಹೊಲದವರು. ಸರಪಳಿ ನಡುವೆ ಜೋತು ಬಿದ್ದರೆ ನಮಗೆ ನೆಲ ಕಡಿಮೆ, ಬಿಗಿಯಾದರೆ ನಮಗೆ ಲಾಭ. ಇಬ್ಬರೂ ಮೂರನೇ ಕ್ಲಾಸಿನವರೆಗೆ ಓದಿದವರು. ಈ ಜ್ಯಾಮಿತಿ ಮಾತ್ರ ಇಬ್ಬರಿಗೂ ಹುಟ್ಟಿನಿಂದ ಗೊತ್ತು. "ಜಗ್ಗಿ ಹಿಡಿಯಪ್ಪ" ಅಂತ ಮಾವ. "ಸಾಕು ಬಿಡ್ರೀ, ಸರ್ಕಾರದ ಸರಪಳಿ ಕಿತ್ತೋದ್ರೆ ಯಾರು ಕೊಡ್ತಾರೆ?" ಅಂತ ಅವರು. ಅರ್ಧ ದಿನ ಹೀಗೇ ನಡೆದು ಬದು ಒಂದು ಗೇಣು ಆಚೆ ಹೋಯಿತು. ಆ ಗೇಣಿಗೆ ಇಬ್ಬರ ನಡುವೆ ಮಾತು ನಿಂತಿದೆ.

ಸಂಜೆ ಜಗಲಿಯಲ್ಲಿ ಪಾಲು ಗುರುತು ಹಾಕುವಾಗ ಚಿಕ್ಕ ಮಾವ ದೊಡ್ಡ ಮನಸ್ಸು ಮಾಡಿದರು. "ಹದಿಮೂರು ಗುಂಟೆಗೇ ನಿಲ್ಲಿಸೋಣ. ನಾಲ್ಕಾಣೆ ತಾನೇ, ಯಾರಿಗೆ ಬೇಕು?" ಎಲ್ಲರ ನಾಲ್ಕಾಣೆಯೂ ಸೇರಿ ಪೂರ್ತಿ ಒಂದು ಗುಂಟೆಯಾಗಿ ಅವರ ಬಾವಿಯ ಪಕ್ಕವೇ ಉಳಿಯುತ್ತದೆ ಅನ್ನುವುದನ್ನು ಅವರು ಹೇಳಲಿಲ್ಲ. ಚಿಕ್ಕಮ್ಮ ನನ್ನ ಕಡೆ ತಿರುಗಿದರು.

"ನಾಲ್ಕಾಣೆ ಅಂದ್ರೆ ಎಷ್ಟೋ?"

"272 ಚದರಡಿ ಚಿಕ್ಕಮ್ಮ. ಹದಿನಾರೂವರೆ ಅಡಿಗೆ ಹದಿನಾರೂವರೆ ಅಡಿ."

"ಅಷ್ಟರಲ್ಲಿ ಏನು ಬರುತ್ತೆ?"

"ಒಂದು ತೆಂಗಿನಮರ."

"ಇದೆಯಲ್ಲ ಒಂದು ಅಲ್ಲಿ! ಅಪ್ಪ ನನ್ನ ಮದುವೆ ವರ್ಷ ನೆಟ್ಟಿದ್ದು. ನನ್ನ ನಾಲ್ಕಾಣೆ ಅದರ ಬುಡಕ್ಕೇ ಬರಬೇಕು." ನಕ್ಷೆ ಮಡಿಸುತ್ತಿದ್ದ ಸರ್ವೆಯವರನ್ನು ನಿಲ್ಲಿಸಿ ಕೇಳಿದರು, "ಸ್ವಾಮಿ, ಮರ ನನ್ನ ಕಡೆ ಬಂದು, ಕಾಯಿ ಅಣ್ಣನ ಕಡೆ ಉದುರಿದ್ರೆ ಅದು ಯಾರಿಗೆ?"

ಅವರು ಸರಪಳಿಯನ್ನು ಚೀಲಕ್ಕೆ ತುಂಬಿ ಬಾಯಿ ಕಟ್ಟಿದರು. "ನಾನು ಅಳೆಯೋದು ನೆಲ ಅಷ್ಟೇ ತಾಯಿ. ಮೇಲಿಂದ ಬೀಳೋದಕ್ಕೆ ಅರ್ಜಿ ಬೇರೆ ಕೊಡಬೇಕು."