ಜೇನಿಗೆ ಪ್ರವೇಶವಿಲ್ಲದ ಹುಲ್ಲುಹಾಸು

ಕೊಡಗಿನಲ್ಲಿ ಅಂಗಳದ ಆತಿಥ್ಯ ಹೊಸದೇನೂ ಅಲ್ಲ. ಕೊಡವ ಕುಟುಂಬಗಳ ಮೂಲಮನೆಗಳಾದ ಐನ್‌ಮನೆಗಳ ಮುಂದೆ ಮದುವೆ, ಸುಗ್ಗಿ ಹಬ್ಬವಾದ ಪುತ್ತರಿಗಳು ಬಯಲಲ್ಲೇ ನಡೆದುಕೊಂಡು ಬಂದಿವೆ. ಆದರೆ ಆಕಾಶ ತೋರಿಸಿದ್ದಕ್ಕಾಗಿ ನೆಂಟರಿಂದ ತಲೆಗಿಷ್ಟು ಎಂದು ವಸೂಲು ಮಾಡುವ ಜಾಣತನ ಹಿರಿಯರಿಗೆ ಹೊಳೆದಿರಲಿಲ್ಲ. ಆ ಕೊರತೆಯನ್ನು ನಮ್ಮ ಹೋಂಸ್ಟೇಗಳು ನೀಗಿಸಿವೆ. ತೋಟದ ನಡುವೆ ಹುಲ್ಲುಹಾಸು, ಮರದಿಂದ ಮರಕ್ಕೆ ಬಣ್ಣದ ದೀಪದ ಸರ, ನಡುವೆ ಕ್ಯಾಂಪ್‌ಫೈರ್, ಪಕ್ಕದಲ್ಲಿ ಬಾರ್ಬೆಕ್ಯೂ, ಇವೆಲ್ಲವನ್ನೂ ಮೀರಿಸುವ ಡಿಜೆ. ಇಷ್ಟನ್ನೂ ಸೇರಿಸಿ 'ಪ್ರಕೃತಿಯ ಮಡಿಲು' ಎಂದು ಫಲಕ ಹಾಕಲಾಗುತ್ತದೆ.

ಮಡಿಲಿಗೆ ಅತಿಥಿಗಳು ಬರುವ ಮುನ್ನ ಅದನ್ನು ಪ್ರಕೃತಿಯಿಂದ ಮುಕ್ತಗೊಳಿಸಬೇಕಾಗುತ್ತದೆ. ಜೇನ್ನೊಣಗಳು ಪರಾಗಕ್ಕಾಗಿ ಹುಡುಕಿಕೊಂಡು ಬರುವ ಮುಟ್ಟಿದರೆ ಮುನಿ ಕಾಲಿಗೆ ಚುಚ್ಚುತ್ತದೆಂದು ಬೇರುಸಹಿತ ಹೋಗುತ್ತದೆ; ಮಕರಂದ ತುಂಬಿದ ನೇರಳೆಯ ಕೊಂಬೆ ಬೆಟ್ಟದ ನೋಟಕ್ಕೆ ಅಡ್ಡವೆಂದು ಉರುಳುತ್ತದೆ. ಅವುಗಳ ಸ್ಥಾನಕ್ಕೆ ನರ್ಸರಿಯಿಂದ ಸುತ್ತುಸುತ್ತು ದಳಗಳ ಹೂಕುಂಡಗಳು ಬರುತ್ತವೆ. ಅವು ಫೋಟೋಕ್ಕೆ ಬಹಳ ಚೆಂದ, ಆದರೆ ಆ ದಳಗಳ ಕೋಟೆ ದಾಟಿ ಜೇನಿಗೆ ಸಿಗುವುದು ಅಲ್ಪ. ಕೊನೆಗೆ ಸಂಜೆ ಸೊಳ್ಳೆ ಕಾಟವಿರಬಾರದೆಂದು ಮಧ್ಯಾಹ್ನವೇ ಹೊಗೆಯಂತ್ರದಿಂದ ಕೀಟನಾಶಕ ಬಿಡಿಸಲಾಗುತ್ತದೆ. ಯಾವುದು ಸೊಳ್ಳೆ, ಯಾವುದು ಪೆಟ್ಟಿಗೆಯಲ್ಲಿ ಸಾಕುವ ತುಡುವೆ ಜೇನು ಎಂದು ಆ ಹೊಗೆ ವಿಚಾರಿಸುವುದಿಲ್ಲ.

ಈ ವ್ಯವಸ್ಥೆಯ ಸೊಗಸನ್ನು ಪೂರ್ತಿ ಕಾಣಬೇಕಾದರೆ ಹೂಮಳೆಯ ನಂತರ ಬರಬೇಕು. ಮಾರ್ಚ್–ಏಪ್ರಿಲ್‌ನಲ್ಲಿ ಒಂದು ಹದವಾದ ಮಳೆ ಬಿದ್ದು ವಾರ ಹತ್ತು ದಿನ ಕಳೆಯುವಷ್ಟರಲ್ಲಿ ಕಾಫಿ ತೋಟವೆಲ್ಲ ಬೆಳ್ಳಗಾಗುತ್ತದೆ, ಬೆಂಗಳೂರಿನ ಕಾರುಗಳೂ ಎತ್ತರದ ಮರಗಳ ಹೆಜ್ಜೇನೂ ಆ ಬಿಳುಪಿಗೇ ಮರುಳಾಗುತ್ತವೆ. ಇಬ್ಬರಲ್ಲಿ ಒಬ್ಬರು ಸೆಲ್ಫಿ ತೆಗೆದುಕೊಂಡು ಹೋಗುತ್ತಾರೆ, ಇನ್ನೊಬ್ಬರು ಪರಾಗ ಮುಟ್ಟಿಸಿ ಹೋಗುತ್ತಾರೆ. ಇಲ್ಲಿ ಬೆಳೆಯುವ ರೊಬಸ್ಟಾ ಕಾಫಿ ತನ್ನದೇ ಪರಾಗದಿಂದ ಕಾಯಿ ಕಟ್ಟುವ ಜಾತಿಯಲ್ಲ. ಬೇರೆ ಗಿಡದ ಪರಾಗವನ್ನು ಗಾಳಿ ತರಬೇಕು, ಇಲ್ಲವೇ ಜೇನು ತರಬೇಕು. ಸೆಲ್ಫಿಯಿಂದ ಕಾಯಿ ಕಟ್ಟಿದ ಉದಾಹರಣೆ ನನಗೆ ತಿಳಿದಿಲ್ಲವಾದರೂ ಸತ್ಕಾರದ ಆದ್ಯತೆ ಯಾರಿಗೆ ಎಂಬುದರಲ್ಲಿ ನಮ್ಮ ಮಾಲೀಕರಿಗೆ ಎಳ್ಳಷ್ಟೂ ಗೊಂದಲವಿಲ್ಲ. ಬೆಳದಿಂಗಳಲ್ಲೂ ದುಡಿಯಬಲ್ಲ ಹೆಜ್ಜೇನು ಹುಲ್ಲುಹಾಸಿನ ದೀಪಗಳಿಗೆ ಮರುಳಾಗಿ ಇಳಿದು ಬಂದು ಬಲ್ಬಿನ ಸುತ್ತ ತಿರುಗಿ ತಿರುಗಿ ಬೀಳುತ್ತದೆ, ಬೆಳಿಗ್ಗೆ ಕೆಲಸದವರು ಪೇಪರ್ ತಟ್ಟೆಗಳ ಜೊತೆಗೇ ಅದನ್ನೂ ಗುಡಿಸುತ್ತಾರೆ. ಯಾರಿಗಾದರೂ ಒಂದು ಕುಟುಕಿತೋ, ಮರುರಾತ್ರಿ ದೊಂದಿ ಹಿಡಿದು ಇಡೀ ಜೇನುಹುಟ್ಟಿಗೇ ಬೆಂಕಿ. ಅದೇ ಮಾಲೀಕರು ಜೂನ್‌ನಲ್ಲಿ ತೋಟ ಸುತ್ತಿ, ಹೂ ಚೆನ್ನಾಗಿಯೇ ಬಂದಿತ್ತು, ಕಾಯಿ ಮಾತ್ರ ಕಚ್ಚಲಿಲ್ಲ, ಎಲ್ಲ ಹವಾಮಾನ ಬದಲಾವಣೆ ಎಂದು ನಿಟ್ಟುಸಿರು ಬಿಡುತ್ತಾರೆ.

ಕುಟುಕಿನ ಬಗ್ಗೆ ಒಂದು ಮಾತು ಹೇಳಲೇಬೇಕು. ಕುಟುಕಿದ ಜೇನ್ನೊಣ ಮುಳ್ಳನ್ನು ನಮ್ಮ ಚರ್ಮದಲ್ಲೇ ಬಿಟ್ಟು ತಾನು ಸಾಯುತ್ತದೆ; ಆ ಮುಳ್ಳಿನಿಂದ ಹೊರಡುವ, ಬಾಳೆಹಣ್ಣನ್ನು ಹೋಲುವ ವಾಸನೆ ಉಳಿದ ನೊಣಗಳಿಗೆ ದಾಳಿಯ ಕರೆ. ಆಗ ಕೈ ಬೀಸದೆ ಓಡಿ ಒಳಗೆ ಸೇರಿಕೊಳ್ಳಬೇಕು. ನಮ್ಮ ಅತಿಥಿಗಳು ಮಾತ್ರ ಕೈಯನ್ನೂ ಬೀಸಿ, ಟವೆಲನ್ನೂ ಬೀಸಿ, ವಿಡಿಯೊವನ್ನೂ ಮಾಡಿ, ಬಳಿಕ 'ವನ್ಯಜೀವಿಗಳ ಬಗ್ಗೆ ಮುನ್ಸೂಚನೆ ನೀಡಿರಲಿಲ್ಲ' ಎಂದು ಒಂದೇ ನಕ್ಷತ್ರದ ವಿಮರ್ಶೆ ಬರೆಯುತ್ತಾರೆ.

ಇದು ಜೇನಿಗೆ ಹೆಸರಾದ ಜಿಲ್ಲೆ ಎಂಬುದನ್ನು ಮರೆಯುವಂತಿಲ್ಲ. ಸ್ವಾತಂತ್ರ್ಯಕ್ಕೆ ಮುಂಚೆಯೇ ವಿರಾಜಪೇಟೆಯಲ್ಲಿ ಜೇನು ಉತ್ಪಾದಕರ ಸಹಕಾರ ಸಂಘವಿತ್ತು; ಭಾಗಮಂಡಲದ ಕಡೆಯ ಮನೆಗಳಲ್ಲಿ ತುಡುವೆಯ ಪೆಟ್ಟಿಗೆ ಸಾಮಾನ್ಯವಾಗಿತ್ತು. 1991–92ರಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ಬಂದು ದಕ್ಷಿಣ ಭಾರತದ ತುಡುವೆ ಕುಟುಂಬಗಳಲ್ಲಿ ಶೇ. 90ಕ್ಕೂ ಹೆಚ್ಚನ್ನು ಮುಗಿಸಿತು. ಅಳಿದುಳಿದವು ನಿಧಾನವಾಗಿ ಚೇತರಿಸಿಕೊಂಡವು. ವೈರಸ್ಸಿನ ಬಳಿ ಹೊಗೆಯಂತ್ರವಿರಲಿಲ್ಲ.

ಹಾಗೆಂದು ಅತಿಥಿಗಳಿಗೆ ಜೇನಿನ ಕೊರತೆ ಆಗುವುದಿಲ್ಲ. ಬೆಳಗಿನ ತಿಂಡಿಗೆ 'ಕೊಡಗಿನ ಅಪ್ಪಟ ಕಾಡುಜೇನು' ಎಂಬ ಚೀಟಿ ಅಂಟಿಸಿದ ಬಾಟಲಿ ಬರುತ್ತದೆ. ಅದರೊಳಗಿನದು ಯಾವ ಕಾಡಿನದೆಂದು ಸಕ್ಕರೆ ಪಾಕದ ಕಾರ್ಖಾನೆಯವರೇ ಹೇಳಬೇಕು. ಬರುವ ಹೂಮಳೆಗೆ ನಮ್ಮೂರಿನ ಹೋಂಸ್ಟೇ ಒಂದರಲ್ಲಿ 'ಮಧು ಅನುಭವ' ಎಂಬ ಹೊಸ ಪ್ಯಾಕೇಜ್ ಬರಲಿದೆಯಂತೆ: ಹುಲ್ಲುಹಾಸಿನ ಮೂಲೆಯಲ್ಲಿ ಹಳದಿ ಬಣ್ಣ ಬಳಿದ ಖಾಲಿ ಪೆಟ್ಟಿಗೆ, ಬಾಡಿಗೆಗೆ ಮುಖಪರದೆ, ಪೆಟ್ಟಿಗೆಯೊಳಗೆ ಜೇನಿನ ಝೇಂಕಾರ ಕೇಳಿಸುವ ಪುಟ್ಟ ಸ್ಪೀಕರ್. ಮಕ್ಕಳಿಗೆ ಅರ್ಧ ದರ. ಡಿಜೆಯ ಅಬ್ಬರದಲ್ಲಿ ಝೇಂಕಾರ ಕೇಳಿಸುವುದಿಲ್ಲ ಎಂಬ ತೊಡಕೊಂದು ಎದುರಾಗಿದ್ದು, ಅದಕ್ಕಾಗಿ ಇನ್ನೂ ದೊಡ್ಡ ಸ್ಪೀಕರ್ ತರಿಸಲು ಹೇಳಿದ್ದಾರೆ.